ತೂಕ ಬರೆಯದ ಚಿನ್ನ

ಅಮಿತಾ ಬಸ್ಸಿನಿಂದ ಇಳಿಯುವಾಗಲೇ ಸೋತು ಸುಣ್ಣವಾಗಿದ್ದಳು. ವಾರಕ್ಕೊಂದು ರಜೆ, ಅದರಲ್ಲೂ ದುಬೈಯಿಂದ ಅಬುಧಾಬಿಗೆ ಪ್ರಯಾಣ. ಮ್ಯೂಸಿಯಂ ಬಾಗಿಲಲ್ಲಿ ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು ಓಂಕಾರ ಕಾಯುತ್ತಿದ್ದ. ಅವನ ಹಿಂದಿನ ಬ್ಯಾನರ್ ಓದಿ ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೊಲಂಬಿಯಾದ ಪ್ರಾಚೀನ ಚಿನ್ನದ ಪ್ರದರ್ಶನ!

“ಎಂಥ ಮಾರಾಯ್ರೆ ನೀವು! ದಿನವಿಡೀ ಚಿನ್ನದಂಗಡಿಯಲ್ಲಿ ನಿಂತು ಕಾಲು ಬಾತಿದೆ. ರಜೆಯಲ್ಲೂ ಚಿನ್ನವಾ?”

ಓಂಕಾರನ ಮುಖ ಸಪ್ಪಗಾಯಿತು. “ನಿಮಗ ಸೇರ್ತದ ಅಂತ ತಿಳ್ಕೊಂಡಿದ್ದೆ. ಬ್ಯಾಡಂದ್ರ ಚಾ ಕುಡದು ಹೋಗೂಣ್ರಿ.”

“ಒಳಗೆ ಏಸಿ ಉಂಟಲ್ಲ? ನಡೀರಿ.”

ಗದಗಿನ ಕಡೆಯ ಓಂಕಾರ ಅಬುಧಾಬಿಯ ಮುಸಫ್ಫಾದಲ್ಲಿ ವೆಲ್ಡಿಂಗ್ ಇನ್‌ಸ್ಪೆಕ್ಟರ್. ತಂಗಿಗೆ ಜುಮುಕಿ ಕೊಳ್ಳಲು ಅವಳ ಅಂಗಡಿಗೆ ಬಂದವನು, “ಒಮ್ಮೆ ನೀವ ಹಾಕ್ಕೊಂಡು ತೋರಸ್ರಿ” ಎಂದಿದ್ದ. ಹಾಕಿಕೊಂಡಾಗ ಜುಮುಕಿ ಬಿಟ್ಟು ಅವಳನ್ನೇ ನೋಡಿದ್ದ. ಅಂದಿನಿಂದ ಅವಳ ರಜೆಗಳೆಲ್ಲ ಇಂಥ ಭೇಟಿಗಳಲ್ಲೇ ಕಳೆದಿದ್ದವು. ಆದರೆ ಹೇಳಬೇಕಾದ ಒಂದು ಮಾತನ್ನು ಅವನು ಇನ್ನೂ ಹೇಳಿರಲಿಲ್ಲ.

ಅತ್ತ ಊರಾದ ಕಾಪುವಿನಲ್ಲಿ ಅಮ್ಮ ಒಂದು ಸಂಬಂಧ ನೋಡಿ, ಉತ್ತರಕ್ಕೆ ಪಟ್ಟು ಹಿಡಿದಿದ್ದರು. ಅಮಿತಾ ಕೆಲಸಕ್ಕೆ ರಾಜೀನಾಮೆಯನ್ನೂ ಕೊಟ್ಟಾಗಿತ್ತು. ಈ ದಿನ ಬಂದದ್ದು ವಿದಾಯ ಹೇಳಲು.

ಒಳಗೆ ಮಬ್ಬುಗತ್ತಲು. ಗಾಜಿನ ಪೆಟ್ಟಿಗೆಗಳಲ್ಲಿ ಪುಟ್ಟ ಕಪ್ಪೆ, ಹಕ್ಕಿ, ಕಣ್ಣು ಮುಚ್ಚಿ ಕುಳಿತ ಮನುಷ್ಯರು, ಎಲ್ಲವೂ ಚಿನ್ನದವು. ಸ್ಪ್ಯಾನಿಷರು ಬರುವುದಕ್ಕೂ ಮೊದಲು ಅಲ್ಲಿನ ಮೂಲನಿವಾಸಿಗಳು ಮಾಡಿದವು. ಅಭ್ಯಾಸಬಲದಿಂದ ಅವಳ ಕಣ್ಣು ಟ್ಯಾಗ್ ಹುಡುಕಿತು. ಎಲ್ಲೂ ತೂಕ ಬರೆದಿರಲಿಲ್ಲ.

ಒಂದು ಮೂಗುತಿಯಂತೂ ಬಾಯಿಯನ್ನೇ ಮುಚ್ಚುವಷ್ಟು ಅಗಲವಿತ್ತು.

“ಇದು ಹಾಕಿದರೆ ಮಾತಾಡುವುದು ಹೇಗೆ?”

“ನನಗ ಬೇಕಾದ್ದು ಇದ ನೋಡ್ರಿ,” ಎಂದ ಓಂಕಾರ ಮೆಲ್ಲಗೆ. “ಮಾತ ಬರಲಿಲ್ಲ ಅಂದ್ರ ಯಾರೂ ಬೈಯೂದಿಲ್ಲ.”

ಅವಳು ಓರೆಗಣ್ಣಿನಿಂದ ನೋಡಿದಳು. ಅವನ ಕಿವಿ ಕೆಂಪಾಗಿತ್ತು.

ಮುಂದಿನ ಕೋಣೆಯ ಗೋಡೆಯ ಮೇಲಿನ ಬರಹವನ್ನು ಅವನೇ ಓದಿ ಹೇಳಿದ. ಆ ಜನ ಇಂಥ ಚಿನ್ನವನ್ನು ಸರೋವರದ ನಡುವೆ ಒಯ್ದು ದೇವರಿಗೆಂದು ನೀರಿಗೆ ಬಿಡುತ್ತಿದ್ದರಂತೆ.

“ಯಾರಿಗೂ ಮಾರಲಿಲ್ಲವಾ?”

“ಇಲ್ರಿ. ಕೊಟ್ರು, ಖಲಾಸ್.”

ಅಮಿತಾ ಎಷ್ಟು ಮದುವಣಗಿತ್ತಿಯರ ಸರಗಳನ್ನು ತನ್ನ ಕತ್ತಿಗೆ ಹಾಕಿ ತೋರಿಸಿ, ಮತ್ತೆ ಬಿಚ್ಚಿ ಕೊಟ್ಟಿದ್ದಳೋ. ಪಕ್ಕದ ಬೆಂಚಿನ ಮೇಲೆ ಕುಳಿತಳು. ಓಂಕಾರನೂ ಕುಳಿತ. ಇನ್ನೇನು ಹೊರಡುವ ವಿಷಯ ಹೇಳಿಬಿಡಬೇಕು ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ಕಣ್ಣೆವೆಗಳು ಭಾರವಾದವು.

ಎಚ್ಚರವಾದಾಗ ತಲೆ ಅವನ ಭುಜದ ಮೇಲಿತ್ತು. ಅವನು ಮಿಸುಕಾಡದೆ ಕುಳಿತಿದ್ದ; ನೀಲಿ ಅಂಗಿಯ ತೋಳಿನ ಇಸ್ತ್ರಿಯೆಲ್ಲ ಹಾಳಾಗಿತ್ತು.

“ಎಬ್ಬಿಸಬಾರದಿತ್ತಾ?”

“ಎಷ್ಟು ದಣದೀರಿ. ಮಲಗ್ಲಿ ಅಂತ ಬಿಟ್ಟೆ.”

ಇದುವರೆಗೆ ಯಾರೂ ಅವಳ ದಣಿವಿಗಾಗಿ ಹೀಗೆ ಕಾದು ಕುಳಿತಿರಲಿಲ್ಲ. ಅದಕ್ಕೇ ಇರಬೇಕು, ಮಾತು ನೇರವಾಗಿ ಹೊರಬಂತು. “ನಾನು ಕೆಲಸ ಬಿಟ್ಟೆ. ಊರಿಗೆ ಹೋಗ್ತಿದ್ದೇನೆ. ಅಮ್ಮ ಒಂದು ಸಂಬಂಧ ನೋಡಿದ್ದಾರೆ.”

ಓಂಕಾರ ನೆಲ ನೋಡುತ್ತ ನಿಧಾನವಾಗಿ ಹೇಳಿದ: “ನಾನು ನಿಮ್ಮ ದುಬೈದಾಗಿನ ರಾಸ್ ಅಲ್ ಖೋರ್ ವರ್ಕ್‌ಶಾಪಿಗೆ ಟ್ರಾನ್ಸ್‌ಫರ್ ತೊಗೊಂಡೀನ್ರಿ. ಸಣ್ಣ ಪೋಸ್ಟ್. ಇನ್ನು ನೀವು ಬಸ್ಸಿನ್ಯಾಗ ಬರೂದು ಬ್ಯಾಡ ಅಂತ.”

“ಅದನ್ನು ಯಾಕೆ ಹೇಳಲಿಲ್ಲ?” ಅವಳ ದನಿ ಏರಿತು. ಕಾವಲುಗಾರ ತಿರುಗಿ ನೋಡಿದ.

“ಇವತ್ತು ಹೇಳಾಕ ಕರದಿದ್ದೆ. ನೀವಂದ್ರ ನನಗ ಪ್ರೀತಿ, ಅಮಿತಾ. ಹೇಳಾಕ ಭಾಳ ತಡಾ ಮಾಡಿದೆ. ನಿಮ್ಮ ಮನಿಯಾಗ ಮಾತ ಕೊಟ್ಟಿದ್ರ ನಾ ತಡಿಯೂದಿಲ್ಲ.”

“ಇನ್ನೂ ಕೊಟ್ಟಿಲ್ಲ.” ಅವಳು ಕಣ್ಣೊರೆಸಿಕೊಂಡಳು. “ಕೆಲಸ ಮಾತ್ರ ಬಿಡುವುದೇ. ನನಗೆ ಸಾಕಾಗಿದೆ. ಊರಿಗೆ ಹೋಗಿ ನಿದ್ದೆ ಮಾಡಬೇಕು. ಅಲ್ಲಿಗೆ ಬರ್ತೀರಾ?”

“ನಿಮ್ಮ ಅವ್ವಾರು ಒಳಗ ಬಿಡ್ತಾರೇನ್ರಿ?”

ಇಬ್ಬರೂ ಹೊರಗಿನ ನೆರಳಿಗೆ ಬಂದರು. ಅಮಿತಾ ಮನೆಗೆ ಫೋನ್ ಮಾಡಿ, ಯೋಚಿಸಲು ಬಿಡದೆ ಅವನ ಕೈಗಿಟ್ಟಳು.

“ನಮಸ್ಕಾರ್ರಿ ಅವ್ವಾರ,” ಎಂದ ಓಂಕಾರ. ಹಣೆಯ ಮೇಲೆ ಬೆವರು.

ಆ ಕಡೆಯಿಂದ, ಇದು ಯಾರೆಂದು ಅಮ್ಮ ತುಳುವಿನಲ್ಲಿ ಜೋರಾಗಿ ಕೇಳಿದರು. ಓಂಕಾರ ಗಾಬರಿಯಿಂದ ಅವಳತ್ತ ನೋಡಿದ. ಅಮಿತಾ ಅವನ ಜೋಮು ಹಿಡಿದ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಫೋನಿನತ್ತ ಬಾಗಿದಳು.

“ನಾನು ಮದುವೆಯಾಗುವವರು, ಅಮ್ಮ.”