ಬುರುಲ್ ಅಜ್ಜಿಯ ಕಡೇ ಮಾತು

"ದನಿ ಅಜ್ಜೀದೇ, ಎಜೆ. ಆದ್ರೆ ಅಲ್ಲಿ ಮಾತಾಡ್ತಿರೋದು ಅಜ್ಜಿ ಅಲ್ಲ," ಎಂದಳು ಅಯ್ಪೆರಿ.

ಊರಿಗೆಲ್ಲ ಎಜೆ, ಅಂದರೆ ಅಕ್ಕ, ಆಗಿದ್ದ ಕಲಿಪಾಳ ಅಡುಗೆಮನೆಯಲ್ಲಿ ಅವಳು ಕೂತಿದ್ದಳು, ಮುಂದಿಟ್ಟ ಚಹಾವನ್ನು ಮುಟ್ಟಿಯೂ ನೋಡಿರಲಿಲ್ಲ. ಇಪ್ಪತ್ತರ ಹುಡುಗಿ, ತಂದೆತಾಯಿ ಇಲ್ಲ, ಸಾಕಿದ ಅಜ್ಜಿ ತೀರಿಕೊಂಡು ತಿಂಗಳಾಗಿತ್ತು. ಮೂಲೆಯಲ್ಲಿ ಕೂತು ಬೋರ್ಸೋಕ್ ಎಂಬ ಕರಿದ ಹಿಟ್ಟಿನ ತುಂಡುಗಳನ್ನು ಮೆಲ್ಲುತ್ತಿದ್ದ ಶಾಬ್ದಾನ್ ಬಾಯಿ ಆಡಿಸುವುದನ್ನು ನಿಲ್ಲಿಸಿದ. ಕಲಿಪಾ ಎಜೆ ಜಿಲ್ಲಾ ಪೊಲೀಸಿನಲ್ಲಿ ತನಿಖೆ ಮಾಡುತ್ತಿದ್ದ ಕಾಲದಲ್ಲಿ ಅವಳ ಜೀಪು ಓಡಿಸಿದವನು ಇವನೇ. ಇಬ್ಬರಿಗೂ ನಿವೃತ್ತಿಯಾಗಿತ್ತು, ಆದರೆ ಊರಿನವರು ಅವಳ ಬಾಗಿಲು ತಟ್ಟುವುದನ್ನು ಬಿಟ್ಟಿರಲಿಲ್ಲ. ಅವಳೆಲ್ಲಿ ಹೊರಟರೂ ಇವನ ಹಳೇ ಕಾರೇ ಬೇಕು.

"ಮೊದಲಿಂದ ಹೇಳಮ್ಮ," ಎಂದಳು ಎಜೆ.

ಬುರುಲ್ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಫೋನಿನಲ್ಲಿ ಮಾತು ತುಂಬಿ ಕಳಿಸುವುದೆಂದರೆ ಅವಳಿಗೆ ಪ್ರಾಣ. ಕರು ಹಾಕಿದರೂ ಮೆಸೇಜು, ಮಂಜು ಬಿದ್ದರೂ ಮೆಸೇಜು. ಸಾಯುವ ದಿನ ಮಧ್ಯಾಹ್ನ ಅವಳ ಫೋನಿನಿಂದ ಮನೆಮಂದಿಯ ಗುಂಪಿಗೆ ಕೊನೆಯದೊಂದು ಬಂದಿತ್ತು. ಅಯ್ಪೆರಿ ಡಾಕ್ಟರನ್ನು ಕರೆತರಲು ಹೋಗಿದ್ದಳು. ಅವಳು ಮರಳುವಷ್ಟರಲ್ಲಿ ಅಜ್ಜಿಯ ಉಸಿರು ನಿಂತಿತ್ತು. ಮಣ್ಣಾದ ಮೇಲೆ ಎಲ್ಲರೂ ಕೂತು ಆ ಮೆಸೇಜು ಕೇಳಿದರು.

"ಊರಿನ ಹುಲ್ಲುಗಾವಲು ಹಂಚೋ ಆಸಾನಾಲಿ ಇದಾನಲ್ಲ, ಅವನ ಮಗನಿಗೆ ನನ್ನನ್ನ ಕೊಡಬೇಕಂತೆ," ಎಂದಳು ಅಯ್ಪೆರಿ. "ಆ ಮಗ ಕುಡಿದು ಮೊದಲ ಹೆಂಡತಿಯ ಕೈ ಮುರಿದವನು. ಅಜ್ಜಿ ಅವನ ಹೆಸರು ಕೇಳಿದ್ರೆ ಉಗೀತಿದ್ಲು. ನಂಗೆ ನರ್ಸ್ ಓದಿಸ್ತೀನಿ ಅಂತ ಅವಳೇ ಹೇಳಿದ್ದು. ನಾನು ಬೇಡ ಅಂದ್ರೆ ಎಲ್ಲರೂ ನನ್ನ ಮೇಲೇ ಬಿದ್ರು. ಸತ್ತವರ ಕಡೇ ಮಾತು ಮೀರಿದ್ರೆ ಮನೆ ಉಳಿಯಲ್ಲ ಅಂತಾರೆ. ನಲವತ್ತನೇ ದಿನದ ಊಟ ಮುಗಿದ ತಕ್ಷಣ ಕಿವಿಗೆ ಓಲೆ ಹಾಕ್ತಾರಂತೆ."

ಓಲೆ ಬಿತ್ತೆಂದರೆ ಮುಗಿಯಿತು, ಹುಡುಗಿ ಆ ಮನೆಯವಳು. ಸಾವಿನೂಟದ ಎಂಜಲು ಒಣಗುವ ಮೊದಲೇ ಓಲೆ! ಶಾಬ್ದಾನ್ ಬೋರ್ಸೋಕಿನ ತಟ್ಟೆಯನ್ನು ದೂರ ಸರಿಸಿದ.

ಅಯ್ಪೆರಿ ಫೋನನ್ನು ಮೇಜಿನ ಮೇಲಿಟ್ಟು ದೂರ ತಳ್ಳಿದಳು. "ನೀವೇ ಕೇಳಿ. ಆವತ್ತು ಒಂದು ಸಲ ಕೇಳಿದ್ದೆ, ಅದೂ ಅಳ್ತಾ. ಮತ್ತೆ ಕೇಳೋಕೆ ನನ್ನ ಕೈಲಾಗಲ್ಲ." ಅವಳು ಅಂಗಳಕ್ಕೆ ಹೋಗಿ ನಿಂತಳು.

ಎಜೆ ಕಣ್ಣು ಮುಚ್ಚಿ ಕೇಳಿದಳು. ಬುರುಲ್ ಅಜ್ಜಿಯದೇ ಒಡಕು ದನಿ, ಅವಳದೇ ಗೊಗ್ಗರು ಕೆಮ್ಮು.

"ಮಕ್ಕಳೇ, ನನ್ನ ಕಾಲ ಮುಗೀತು. ಅಯ್ಪೆರಿನ ಆಸಾನಾಲಿ ಮನೆಗೆ ಕೊಡಿ. ಇದೇ ನನ್ನ ಕಡೇ ಮಾತು. ಕುದುರೆ ದೊರೆ ಈಗ ಮನೆಗೆ ಹಿರಿಯ, ಅವನು ಮುಂದೆ ನಿಂತು ನಡೆಸಿಕೊಡಲಿ."

ಮಾತಿನ ಉದ್ದಕ್ಕೂ ಹಿಂದೆ ಏನೋ ಸುಂಯ್ ಸುಂಯ್ ಎನ್ನುತ್ತಿತ್ತು. ಒಲೆ ಮೇಲೆ ನೀರು ಕಾಯುತ್ತಿರಬೇಕು ಎಂದುಕೊಂಡ ಶಾಬ್ದಾನ್. "ಕುದುರೆ ದೊರೆ ಅಂದ್ರೆ ಯಾರು?" ಎಂದ.

"ಮೈದುನ ಇದಿರಿಸ್ ಇರಬೇಕು. ಬುರುಲ್ ಗಂಡನ ಕಡೇ ತಮ್ಮ, ಮೇಲಿನ ಹುಲ್ಲುಗಾವಲಲ್ಲಿ ಕುದುರೆ ಮೇಯಿಸ್ತಾನೆ. ಅಲ್ಲಿ ಫೋನು ಸಿಗಲ್ಲ. ಸುದ್ದಿ ಮುಟ್ಟೋದ್ರೊಳಗೆ ಮಣ್ಣಾಗಿತ್ತು, ಅವನಿನ್ನೂ ಇದನ್ನ ಕೇಳೇ ಇಲ್ಲ."

ಹೆಸರು ಹಿಡಿಯದೆ ಹೇಳಿದ್ದು ಸರಿಯೇ. ಮದುವೆಯಾಗಿ ಬಂದ ಹೆಣ್ಣು ಗಂಡನ ಅಣ್ಣತಮ್ಮಂದಿರ ಹೆಸರು ಹಿಡಿಯುವುದಿಲ್ಲ. ಮೈದುನ ಅಂಬೆಗಾಲಿಡುತ್ತಿದ್ದರೂ ಅವನಿಗೊಂದು ಅಡ್ಡಹೆಸರು ಕಟ್ಟಿಯೇ ಕರೆಯಬೇಕು, ಸಾಯುವ ತನಕ. ಸಾಯುವಾಗಲೂ ಬುರುಲ್ ಹೆಸರು ಹಿಡಿಯಲಿಲ್ಲವಲ್ಲ, ಇದು ಅವಳಲ್ಲದೆ ಇನ್ಯಾರು ಎಂದು ಊರಿನವರು ಅತ್ತಿದ್ದೂ ಅದಕ್ಕೇ.

ಮರುದಿನ ಇಬ್ಬರೂ ಜೂರಾ ಮನೆಗೆ ಹೋದರು. ಜೂರಾ ಬುರುಲ್‌ಗೆ ಓರಗಿತ್ತಿ, ಗಂಡನ ನಡುವಿನ ತಮ್ಮನ ವಿಧವೆ. ಮಗ ಬಕಾಸ್ ಬಜಾರಿನಲ್ಲಿ ಮೊಬೈಲು ಅಂಗಡಿ ಇಟ್ಟಿದ್ದ. ತಲೆಗೆ ಎಣ್ಣೆ ಮೆತ್ತಿ, ಮಾತಿಗೊಮ್ಮೆ 'ದೇವರು ಮೆಚ್ಚಬೇಕು' ಎನ್ನುವ ಆಸಾಮಿ.

"ಆವತ್ತು ಮಧ್ಯಾಹ್ನ ಬುರುಲ್ ಹತ್ರ ಯಾರ್ಯಾರು ಬಂದಿದ್ರು?" ಎಂದು ಕೇಳಿದಳು ಎಜೆ.

"ನಾನು ಔಷಧಿ ಕೊಟ್ಟು ಬಂದೆ," ಎಂದ ಬಕಾಸ್. "ಆಸಾನಾಲಿ ಮಾವ ಕುದುರೆ ಹಾಲು ತಂದಿದ್ರು. ಆಮೇಲೆ ಆ ಚೊರೋಬೆಕ್, ಮದುವೆ ಮನೇಲಿ ಎಲ್ಲರ ದನಿ ಅಣಕಿಸ್ತಾನಲ್ಲ, ಅವನೂ ಬಂದಿದ್ದ. ನಾನು ಯಾರ ಮೇಲೂ ತಪ್ಪು ಹೊರಿಸಲ್ಲ. ದೇವರು ಮೆಚ್ಚಬೇಕು. ಆದ್ರೆ ದೊಡ್ಡಮ್ಮನ ದನಿ ತೆಗೆಯೋಕೆ ಬರೋದು ಅವನೊಬ್ಬನಿಗೇ."

"ಯಾರೋ ದನಿ ತೆಗೆದ್ರು ಅಂತ ನಾನೆಲ್ಲಿ ಹೇಳಿದೆ?"

ಬಕಾಸ್ ನಕ್ಕ. "ಹುಡುಗಿ ಊರೆಲ್ಲ ಹೇಳ್ಕೊಂಡು ಬರ್ತಿದಾಳಲ್ಲ."

ಜೂರಾ ಚಹಾ ಬಗ್ಗಿಸುತ್ತಿದ್ದಳು. ಬಟ್ಟಲು ತುಂಬುವ ಮೊದಲೇ ಕೆಟಲನ್ನು ಕೆಳಗಿಟ್ಟಳು. "ಕುದುರೆ ದೊರೆ ನಲವತ್ತರ ಊಟಕ್ಕೆ ಇಳಿದು ಬರ್ತಾನೆ," ಎಂದಳು ಯಾರ ಮುಖವನ್ನೂ ನೋಡದೆ. "ಅವನು ಬರೋವರೆಗೂ ಈ ಮಾತು ಬೇಡ."

ಅಲ್ಲಿಂದ ಅವರು ಚೊರೋಬೆಕ್ ಹತ್ತಿರ ಹೋದರು. ಅವನ ಎಡಗಣ್ಣು ಊದಿ ನೀಲಿಗಟ್ಟಿತ್ತು. ಆಸಾನಾಲಿ ಕಡೆಯ ಹುಡುಗರ ಕೆಲಸ. ಹುಡುಗಿಯ ಪರವಾಗಿ ಎಲ್ಲಾದರೂ ಬಾಯಿ ಬಿಟ್ಟಾನು ಎಂದು ಮೊದಲೇ ಏಟು ಕೊಟ್ಟಿದ್ದರು.

"ನಾನೇ ಮಾಡಿದ್ರೆ ಅಜ್ಜಿ ಇಷ್ಟು ಸಪ್ಪೆಯಾಗಿ ಸಾಯ್ತಿರಲಿಲ್ಲ, ಎಜೆ," ಎಂದ ಅವನು. "ಒಂದು ಬೈಗುಳ ಇಲ್ಲ, ಒಂದು ಶಾಪ ಇಲ್ಲ. ರೇಡಿಯೋದಲ್ಲಿ ಹವಾಮಾನ ಓದಿದ ಹಾಗಿದೆ."

"ಹಾಗಾದ್ರೆ ನೀನು ಮಾಡಿ ತೋರಿಸು. ಬುರುಲ್ ಮೈದುನನಿಗೆ ಬೈಯೋದು ಮಾಡು."

ಚೊರೋಬೆಕ್ ಬೆನ್ನು ಗೂನು ಮಾಡಿ, ಸೊಂಟಕ್ಕೆ ಕೈ ಕೊಟ್ಟ. "ಏ ಬಾಲಂಗೋಚಿ, ಬಾಗಿಲು ಹಾಕೋ! ಕರು ಒಳಗೆ ಬಂದು ಹಿಟ್ಟು ತಿಂತಿದೆ. ಗಡ್ಡ ಹಣ್ಣಾದ್ರೂ ಬುದ್ಧಿ ಕಾಯಿ!"

ದನಿ ಅಷ್ಟೇನೂ ಹೊಂದಲಿಲ್ಲ, ಸ್ವಲ್ಪ ದಪ್ಪವೇ ಆಯಿತು. ಆದರೂ ಬುರುಲ್ ಅಜ್ಜಿಯೇ ಎದ್ದು ಬಂದು ನಿಂತಂತೆ ಶಾಬ್ದಾನ್ ಹಿಂದೆ ಸರಿದ. ಎಜೆ ಮಾತ್ರ ಕದಲಲಿಲ್ಲ.

"ಆ ಬಾಲಂಗೋಚಿ ಅನ್ನೋದು ನೀನು ಕಟ್ಟಿದ್ದಾ?"

"ನಾನ್ಯಾಕೆ ಕಟ್ಟಲಿ? ಅಜ್ಜಿ ಬಾಯಲ್ಲಿ ಬಂದದ್ದೇ. ಅಂಥದ್ದು ಕಟ್ಟೋ ಯೋಗ್ಯತೆ ನನಗೆಲ್ಲಿದೆ?"

ಕಾರು ಹತ್ತಿದ ಎಜೆ ಫೋನು ತೆಗೆದಳು. ಅದನ್ನು ಕಿವಿಗೆ ಒತ್ತಿ ಆ ಮೆಸೇಜನ್ನು ಮತ್ತೆ ಮತ್ತೆ ಕೇಳಿದಳು. ಆಮೇಲೆ ಕಿಟಕಿ ಇಳಿಸಿ ಹೊರಗೆ ಉಗಿದಳು. ಕೊಲೆಗಳನ್ನು ಕಂಡು ಕಣ್ಣು ಮಿಟುಕಿಸದ ಹೆಂಗಸು ಉಗಿದದ್ದನ್ನು ಶಾಬ್ದಾನ್ ಹಿಂದೆಂದೂ ನೋಡಿರಲಿಲ್ಲ.

"ಏನಾಯ್ತು, ಎಜೆ?"

"ಈಗ ಕೇಳಬೇಡ. ನಲವತ್ತರ ದಿನ ಎಲ್ಲರ ಮುಂದೇ ಹೇಳ್ತೀನಿ."

ನಲವತ್ತರ ದಿನ ಬುರುಲ್ ಮನೆಯಲ್ಲಿ ಹಂಡೆಯಲ್ಲಿ ಮಾಂಸ ಬೆಂದಿತು, ಪ್ರಾರ್ಥನೆ ಮುಗಿಯಿತು. ಆಸಾನಾಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ಓಲೆಗಳನ್ನು ಜೂರಾಳ ಮಡಿಲಿಗೆ ಹಾಕಿದ. ಮನೆಯ ಹಿರಿಯ ಹೆಂಗಸೇ ಅದನ್ನು ತೊಡಿಸಬೇಕು. ಅಯ್ಪೆರಿ ಗೋಡೆಗೆ ಆತು ಕೂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ. ಬೆಟ್ಟದಿಂದ ಆಗಷ್ಟೇ ಇಳಿದಿದ್ದ ಇದಿರಿಸ್ ಹಿರಿಯನ ಜಾಗದಲ್ಲಿ ಕೂತಿದ್ದ, ಬೂಟಿನ ಕೆಸರು ಇನ್ನೂ ಒಣಗಿರಲಿಲ್ಲ.

"ಓಲೆಗೆ ಮುಂಚೆ ಒಂದು ಮಾತು," ಎಂದಳು ಕಲಿಪಾ ಎಜೆ. "ಇದಿರಿಸ್, ನಿಮ್ಮ ದೊಡ್ಡ ಅತ್ತಿಗೆ ನಿಮ್ಮನ್ನ ಏನಂತ ಕರೀತಿದ್ರು?"

ಮುದುಕ ನಾಚಿಕೊಂಡ. "ಬಾಲಂಗೋಚಿ ಅಂತ. ಅವಳು ಮದುವೆಯಾಗಿ ಬಂದಾಗ ನಾನು ಇಷ್ಟುದ್ದ ಇದ್ದೆ. ಅವಳ ಅಂಗಿ ತುದಿ ಹಿಡ್ಕೊಂಡೇ ತಿರುಗ್ತಿದ್ದೆ."

"ಈಗ ಇದನ್ನ ಕೇಳಿ."

ಮೆಸೇಜು ಮುಗಿಯಿತು. ಇದಿರಿಸ್ ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಬುರುಲ್ ನನ್ನನ್ನ ಹಾಗೆ ಯಾವತ್ತೂ ಕರೆದಿಲ್ಲ," ಎಂದ.

"ಹೌದು. ಮೈದುನನ ಅಡ್ಡಹೆಸರನ್ನ ಸೊಸೆ ತಾನೇ ಕಟ್ಟಬೇಕು, ಓರಗಿತ್ತಿಯರು ಒಬ್ಬರದನ್ನ ಒಬ್ಬರು ಮುಟ್ಟಲ್ಲ. ಹೆಂಗಸರಿಗೆ ಇದು ಗೊತ್ತು. ಗಂಡಸರ ಕಿವಿಗೆ ಅದೆಲ್ಲ ಬಿದ್ದರೂ ಒಂದೇ, ಬಿಟ್ಟರೂ ಒಂದೇ. ಮನೇಲಿ ಅಮ್ಮ ಏನಂತ ಕರೀತಾಳೋ, ಊರಿನ ಹೆಂಗಸರೆಲ್ಲ ಹಾಗೇ ಕರೀತಾರೆ ಅಂದ್ಕೋತಾರೆ. ಆವತ್ತು ಬಂದವರು ಮೂವರು. ಚೊರೋಬೆಕ್ ಮಾಡಿದ್ರೆ ಬಾಲಂಗೋಚಿ ಅಂತಿದ್ದ, ನನ್ನೆದುರೇ ಅಂದ. ಆಸಾನಾಲಿ ಬೇರೆ ಮನೆಯವನು, ಈ ಮನೆ ಸೊಸೆಯಂದಿರು ಯಾರನ್ನ ಏನಂತಾರೆ ಅಂತ ಅವನಿಗೆ ಗೊತ್ತೇ ಇಲ್ಲ. ಕುದುರೆ ದೊರೆ ಅನ್ನೋದು ಒಂದೇ ಮನೇಲಿ ಕೇಳೋ ಮಾತು."

"ನನ್ನನ್ನ ಯಾಕೆ ನೋಡ್ತೀರಿ?" ಎಂದ ಬಕಾಸ್. ಅವನನ್ನು ಆಗ ಯಾರೂ ನೋಡುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತಾಯಿತು. "ನನ್ನ ಗಂಟಲಲ್ಲಿ ಮುದುಕಿ ದನಿ ಬರ್ತದಾ?"

"ನಿನ್ನ ಗಂಟಲು ಯಾಕೆ ಬೇಕು? ಅವಳ ಹಳೇ ಮೆಸೇಜುಗಳೆಲ್ಲ ನಿನ್ನ ಹತ್ರ ಇವೆ. ಅದನ್ನ ಉಣಿಸಿದ್ರೆ ನೀನು ಬರೆದದ್ದನ್ನ ಅವಳ ದನೀಲೇ ಓದೋ ಯಂತ್ರ ಈಗ ಅಂಗಡಿ ಅಂಗಡೀಲಿ ಸಿಗ್ತದೆ. ಕೆಮ್ಮೂ ಬರ್ತದೆ. ನಿನ್ನ ಫೋನಲ್ಲಿ ಅದನ್ನ ಹಾಕಿ, ಅವಳ ಫೋನಿಗೆ ಹಿಡಿದು, ಅವಳ ಹಾಸಿಗೆ ಪಕ್ಕದಲ್ಲೇ ಕೂತು ಕಳಿಸಿದೆ."

"ಪಕ್ಕದಲ್ಲೇ ಅಂತ ಹೇಗೆ ಗೊತ್ತು?" ಎಂದ ಶಾಬ್ದಾನ್.

"ಆ ಸುಂಯ್ ಸುಂಯ್. ನೀನು ನೀರು ಕಾಯ್ತಿದೆ ಅಂದ್ಕೊಂಡೆ, ಅಲ್ವಾ? ಸರಿಯಾಗಿ ಕೇಳು, ಅದು ಉಸಿರು. ಮಾತು ನಡೀತಾ ಇದ್ರೂ ಅದು ನಿಲ್ಲಲ್ಲ. ಮಾತಾಡೋ ಮನುಷ್ಯನಿಗೆ ಅದೇ ಹೊತ್ತಿಗೆ ಉಸಿರು ಎಳೆಯೋಕಾಗಲ್ಲ. ಬುರುಲ್‌ಗೆ ಆಗಲೇ ಬಾಯಿ ಬಿದ್ದುಹೋಗಿತ್ತು. ತನ್ನದೇ ದನಿ ಮೊಮ್ಮಗಳನ್ನ ಆ ಮನೆಗೆ ಕೊಡ್ತಿರೋದನ್ನ ಅವಳು ಮಲಗಿ ಕೇಳಿಸ್ಕೊಂಡಳು. ಬೇಡ ಅನ್ನೋಕೂ ಆಗಲಿಲ್ಲ."

ಒಳಗಿದ್ದ ಹೆಂಗಸೊಬ್ಬಳು ಬಾಯಿಗೆ ಬಟ್ಟೆ ಒತ್ತಿಕೊಂಡು ಹೊರಗೆ ಓಡಿದಳು. ಹೆಣದ ಬೆರಳಿನಿಂದ ಉಂಗುರ ಎಳೆದವರನ್ನು ಶಾಬ್ದಾನ್ ಜೀಪಿನಲ್ಲಿ ಕೂರಿಸಿ ಕರೆದೊಯ್ದಿದ್ದ. ಅವರು ಸತ್ತ ಮೇಲಾದರೂ ಎಳೆದಿದ್ದರು.

"ಹುಡುಗಿಗೆ ಒಳ್ಳೇ ಮನೆ ಸಿಗಲಿ ಅಂತ ಮಾಡ್ದೆ," ಎಂದ ಬಕಾಸ್. "ದೇವರು ಮೆಚ್ಚಬೇಕು…"

"ಒಳ್ಳೇ ಮನೆ ಹುಡುಗಿಗಲ್ಲ, ನಿನಗೆ," ಎಂದಳು ಎಜೆ. "ಹೊಳೆ ಪಕ್ಕದ ಹುಲ್ಲುಗಾವಲು ಬರೋ ಬೇಸಿಗೆಗೆ ನಿನಗೆ ಅಂತ ಆಸಾನಾಲಿ ಎಲ್ಲರ ಮುಂದೆ ಹೇಳಿದ್ದಾನೆ. ಹಂಚೋ ಅಧಿಕಾರ ಅವನದೇ ಅಲ್ವಾ."

"ಈ ಮೆಸೇಜಿನ ವಿಷಯ ನನಗೇನೂ ಗೊತ್ತಿಲ್ಲಪ್ಪ," ಎಂದು ಆಸಾನಾಲಿ ಗಡ್ಡ ಕೆರೆದುಕೊಂಡ. ಯಾರೂ ನಂಬಲಿಲ್ಲ.

"ಈ ಮದುವೆ ಇಲ್ಲ," ಎಂದ ಇದಿರಿಸ್. "ಹುಡುಗಿ ಓದೋಕೆ ಹೋಗ್ತಾಳೆ. ಬುರುಲ್ ಬಾಯಲ್ಲಿ ನಿಜವಾಗಿ ಬಂದ ಮಾತು ಅದು." ಆಮೇಲೆ ಅವನು ಜೂರಾಳ ಕಡೆ ತಿರುಗಿದ. "ಅತ್ತಿಗೆ, ಕುದುರೆ ದೊರೆ ಅನ್ನೋದು ನೀನು ಕಟ್ಟಿದ ಮಾತು. ಇದನ್ನ ಕೇಳಿದಾಗ ನಿನಗೆ ಗೊತ್ತಾಗಲಿಲ್ವಾ?"

ಜೂರಾ ಮಡಿಲಲ್ಲಿದ್ದ ಗಂಟನ್ನೇ ನೋಡುತ್ತ ಕೂತಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಆದರೆ ಈ ಹೆಗ್ಗಣವನ್ನು ಮುದ್ದಿಸಿದವಳ ಮುಖವನ್ನು ಶಾಬ್ದಾನ್‌ಗೆ ನೋಡಲಾಗಲಿಲ್ಲ.

"ಇದಿರಿಸ್," ಎಂದಳು ಅವಳು.

ಮನೆಯೊಳಗೆ ಯಾರೋ 'ಅಯ್ಯೋ' ಎಂದರು. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಆ ಹೆಸರು ಅವಳ ನಾಲಿಗೆಯ ಮೇಲೆ ಬಂದಿರಲಿಲ್ಲ.

"ಗೊತ್ತಿತ್ತು, ಇದಿರಿಸ್. ಮೊದಲ ಸಲ ಕೇಳಿದಾಗಲೇ ಗೊತ್ತಿತ್ತು. ಮಗ ಅಂತ ಬಾಯಿ ಮುಚ್ಕೊಂಡೆ. ಈ ಓಲೆ ಹಾಕೋಕೂ ಬಂದು ಕೂತೆ. ಇನ್ನು ಆ ಅಡ್ಡಹೆಸರಲ್ಲಿ ನಿನ್ನನ್ನ ಕರೀಲಾರೆ. ನನ್ನ ಮಗ ಅದನ್ನ ಹೊಲಸು ಮಾಡಿಟ್ಟ."

ಅವಳು ಎದ್ದು ಗಂಟನ್ನು ಆಸಾನಾಲಿಯ ಮುಂದಿಟ್ಟಳು, ಮಗನನ್ನು ದಾಟಿಕೊಂಡು ಹೊರಗೆ ನಡೆದಳು.