ಇಲ್ಲದ ಕೋಣೆಯ ಅಳತೆ

ನಾವು ಕೊಂಡ ಮನೆಗಿರುವುದು ಎರಡೇ ಕೋಣೆ. ಆಸ್ತಿ ತೆರಿಗೆಯ ದಾಖಲೆ ತೆಗೆಸಿ ನೋಡಿದರೆ ಮೂರು ಎಂದಿತ್ತು. ತಿದ್ದಿಸಲು ಅರ್ಜಿ ಕೊಟ್ಟೆ. ಹಾಡಹಗಲಲ್ಲೇ ಅಳತೆಯವರೊಬ್ಬರು ಬಂದರು.

"ಇರೋ ಕೋಣೆ ಮುಚ್ಚಿಡೋರನ್ನ ಬೇಕಾದಷ್ಟು ನೋಡಿದೀನಿ. ಇಲ್ಲದ ಕೋಣೆ ತೆಗೆಸೋರು ನೀವೇ ಮೊದಲು ಅಮ್ಮಾ," ಎಂದು ನಗುತ್ತ ಟೇಪಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. "ನಾನು ಎರಡು ಸಲ ಜಗ್ಗಿದ್ರೆ ಸಾಕು ಅಂತ ಅರ್ಥ." ತುದಿ ಹಿಡಿದು ಮಗಳ ಕೋಣೆಗೆ ಹೋದರು.

ಟೇಪು ಸರಸರನೆ ಬಿಚ್ಚಿಕೊಳ್ಳುತ್ತಲೇ ಹೋಯಿತು. ಅಷ್ಟು ಉದ್ದದ ಕೋಣೆಯೇ ಅಲ್ಲ ಅದು. ಡಬ್ಬಿ ಕೈಯಲ್ಲೇ ತಣ್ಣಗಾಗತೊಡಗಿತು. ಆಮೇಲೆ ಟೇಪು ಎರಡು ಸಲ ಜಗ್ಗಿತು.

"ಶುರು ಮಾಡೋಣ್ವಾ?" ಅಳತೆಯವರ ದನಿ ನನ್ನ ಬೆನ್ನ ಹಿಂದೆ ಕೇಳಿಸಿತು. "ತುದಿ ನೆಲದ ಮೇಲಿಟ್ಟು, ಆ ಕೋಣೆಯ ಹಿತ್ತಲ ಬಾಗಿಲಿಂದ ಹೊರಗೆ ಪೆನ್ನು ತರೋಕೆ ಹೋಗಿದ್ದೆ."

ಇಬ್ಬರೂ ಕೋಣೆಗೆ ಹೋದೆವು. ಟೇಪು ಮಗಳ ಮಂಚದಡಿ ಹಾದು ಗೋಡೆಯ ಬುಡದೊಳಕ್ಕೆ ಹೋಗಿತ್ತು. ಗೋಡೆಯಾಚೆ ಬರೀ ರಸ್ತೆ. ಅವರು ಎಳೆದರು, ಆ ಕಡೆಯಿಂದಲೂ ಯಾರೋ ಎಳೆದರು. ಕತ್ತರಿ ಇಸಿದುಕೊಂಡು ಟೇಪು ಕತ್ತರಿಸಿ, "ಅರ್ಜಿ ವಾಪಸ್ ತಗೊಂಡ್ಬಿಡಿ ತಾಯಿ," ಎಂದಷ್ಟೇ ಹೇಳಿ ಹೊರಟುಹೋದರು.

ಅಂದಿನಿಂದ ಮೂರು ಕೋಣೆಗೂ ತೆರಿಗೆ ಕಟ್ಟುತ್ತಿದ್ದೇವೆ. ಮಗಳನ್ನು ನಮ್ಮ ಕೋಣೆಯಲ್ಲೇ ಮಲಗಿಸಿಕೊಳ್ಳುತ್ತೇವೆ. ಇವತ್ತು ಬೆಳಿಗ್ಗೆ ಹಾಸಿಗೆ ಸುತ್ತುವಾಗ ನೋಡಿದೆ: ಅವಳ ತಲೆದಿಂಬಿನ ಪಕ್ಕದ ಗೋಡೆಯ ಬುಡದಿಂದ ಆ ಟೇಪಿನ ತುದಿ ಒಂದು ಗೇಣು ಹೊರಬಂದಿತ್ತು.