ಸೂಚಕರ ಸಹಿ

ಹೋಟೆಲಿನ ಹಿಂಬಾಗಿಲಲ್ಲಿ ನಿಂತಿದ್ದ ಹರಿ ಮೆಂಗಾಳನ ಅಂಗಿಯ ತೋಳು ಭುಜದಿಂದ ಹರಿದು ನೇತಾಡುತ್ತಿತ್ತು. ಲೋಲಾಕ್ಷಿಯ ಕಣ್ಣು ಅಲ್ಲಿಗೆ ಹೋದದ್ದು ಕಂಡು ಅವನು ಆ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡ.

“ಎಲೆಕ್ಷನಿಗೆ ನಿಲ್ಲುವ ಸಾಹೇಬರು ಬಂದ್ರು,” ಎಂದು ಚಹಾ ಮಾಡುವ ವಾಸು ಕುಟುಕಿದ. “ವೋಟು ಬೇಕಾ, ಚಾ ಬೇಕಾ?”

“ನೀರು ಸಾಕು ವಾಸಣ್ಣ.”

ಮರಾಠಿ ಸೀಮೆಯ ಕಲ್ಯಾಣದಿಂದ ಕಸಾರಾ ಲೋಕಲ್ ರೈಲಿನಲ್ಲಿ ಒಂದು ಗಂಟೆ ದೂರದ ತಾಲೂಕು ಊರು ಅದು. ಹೋಟೆಲು ಲೋಲಾಕ್ಷಿಯ ಅಣ್ಣ ತಾರಾನಾಥನದು. ಠಾಕರ್ ಆದಿವಾಸಿಗಳ ಹಾಡಿಯಿಂದ ಬಂದ ಹರಿ ಅಲ್ಲಿ ಆರು ವರ್ಷ ದುಡಿದು, ಹೋಟೆಲಿನವರ ಕನ್ನಡ ಕಲಿತು, ಮೆಟ್ರಿಕ್ ಪಾಸಾಗಿ ಹೋಗಿದ್ದ. ಹೋಟೆಲಿನವರೆಲ್ಲ ಲೋಲಾಕ್ಷಿಯನ್ನು ಅಕ್ಕ ಎನ್ನುತ್ತಿದ್ದರು. ಅವನೊಬ್ಬ ಏನೂ ಎನ್ನುತ್ತಿರಲಿಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟ ಅವಳಿಗೂ ಅದು ಯಾಕೆಂದು ಅರ್ಥವಾಗಿತ್ತು.

ಅಲ್ಲಿಯ ವಿಧಾನಸಭಾ ಕ್ಷೇತ್ರವೇನೋ ಆದಿವಾಸಿಗಳಿಗೆ ಮೀಸಲು. ಆದರೆ ಯಾವ ಆದಿವಾಸಿ ನಿಲ್ಲಬೇಕೆಂದು ಪ್ರತಿ ಸಲ ಹೇಳುತ್ತಿದ್ದವನು ಮರದ ವಖಾರಿಯ ಶೇಠ್. ಎಂಬತ್ತೈದರ ಈ ಚುನಾವಣೆಗೆ ಹರಿ ಅವನನ್ನು ಕೇಳದೆ ತಾನೇ ನಿಲ್ಲಲು ಹೊರಟಿದ್ದ.

“ಅಂಗಿ ಯಾರು ಹರಿದದ್ದು?” ಲೋಲಾಕ್ಷಿ ಕೇಳಿದಳು.

“ಶೇಠನ ಜನ. ಅಂಗಿ ಇರಲಿ. ನನ್ನ ನಾಮಪತ್ರದ ಫಾರ್ಮಿಗೆ ಸೂಚಕ ಅಂತ ಸಹಿ ಹಾಕಬೇಕಿದ್ದ ನಮ್ಮ ಹಾಡಿಯ ಕಾಕಾನನ್ನು ಬೆಳಿಗ್ಗೆ ಜೀಪಿನಲ್ಲಿ ಕೂರಿಸಿಕೊಂಡು ಹೋದ್ರು. ಈಗ ಯಾರ ಮನೆಗೆ ಹೋದ್ರೂ ಬಾಗಿಲು ಹಾಕ್ತಾರೆ. ಇವತ್ತೇ ಕೊನೆ ದಿನ, ಮೂರು ಗಂಟೆಗೆ ತಾಲೂಕು ಕಚೇರಿ ಬಂದ್.”

“ಸೂಚಕರು ಆದಿವಾಸಿಯೇ ಆಗ್ಬೇಕಾ?”

“ಇಲ್ಲ. ಈ ಕ್ಷೇತ್ರದ ವೋಟರ್ ಲಿಸ್ಟಲ್ಲಿ ಹೆಸರಿದ್ರೆ ಸಾಕು.”

“ನಂದು ಉಂಟು.”

ಹರಿ ಲೋಟ ಕೆಳಗಿಟ್ಟ. “ಬೇಡ. ಸೂಚಕರ ಹೆಸರನ್ನು ಕಚೇರಿ ಗೋಡೆಗೆ ಅಂಟಿಸ್ತಾರೆ. ನಾಳೆ ಈ ಹೋಟೆಲಿಗೆ ಕಲ್ಲು ಬೀಳ್ತದೆ.”

“ಎರಡು ಗಂಟೆ ಆಯ್ತು,” ಎಂದಳು, ಚಪ್ಪಲಿ ಹುಡುಕುತ್ತ.

“ಅಣ್ಣ ಕಲ್ಯಾಣದಿಂದ ಬಂದು ಕೇಳಿದ್ರೆ ನಾನೆಂತ ಹೇಳ್ಲಿ ಅಕ್ಕ?” ವಾಸು ಅಳುಮುಖ ಮಾಡಿದ.

“ಕಚೇರಿಗೆ ಹೋಗಿದ್ದಾಳೆ ಅಂತ ಹೇಳು.”

“ಅಷ್ಟು ಹೇಳುವಷ್ಟರಲ್ಲಿ ನನ್ನ ಕೆಲಸ ಹೋಗ್ತದೆ.”

ಹತ್ತು ನಿಮಿಷದ ದಾರಿ. ಹರಿ ಮುಂದೆ, ಅವಳು ನಾಲ್ಕು ಹೆಜ್ಜೆ ಹಿಂದೆ. ಅವಳ ಬೆನ್ನ ಹಿಂದೆ ಒಂದು ಜೀಪು, ಅವಳ ನಡಿಗೆಗೆ ಸರಿಯಾಗಿ, ನಿಧಾನವಾಗಿ. ಹಾರ್ನಿಲ್ಲ, ಬೈಗಳಿಲ್ಲ. ಅವಳು ಬಿರುಸಾಗಿ ನಡೆದರೆ ಅದೂ ಬಿರುಸಾಯಿತು. ಹರಿ ತಿರುಗಿ ನೋಡಿ ನಿಂತ. ಅವಳು ಹತ್ತಿರ ಬಂದಾಗ ಅವಳನ್ನು ರಸ್ತೆಯಂಚಿಗೆ ಬಿಟ್ಟು ತಾನು ಜೀಪಿನ ಬದಿಗೆ ಸರಿದ. ಅವರಿಬ್ಬರು ಮೊದಲ ಸಲ ಜೊತೆಯಾಗಿ ನಡೆದದ್ದು ಹಾಗೆ. ಅವನ ಮೊಣಕೈ ಒಮ್ಮೆ ತಾಗಿತು.

ಕಚೇರಿಯ ಗುಮಾಸ್ತ ಪಟ್ಟಿಯ ಮೇಲೆ ಬೆರಳಾಡಿಸಿ ಅವಳ ಹೆಸರು ಹುಡುಕಿದ. ಫಾರ್ಮು ಮುಂದೆ ತಳ್ಳಿದ. ಪೆನ್ನು ಹಿಡಿದು ಎಷ್ಟೋ ವರ್ಷವಾಗಿತ್ತು. ಮೊದಲ ಅಕ್ಷರ ಬರೆಯುವಾಗಲೇ ಬಾಗಿಲಲ್ಲಿ ನಿಂತಿದ್ದ ಶೇಠನ ಆಳು ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ ಕೇಳಿದ:

“ಹೋಟೆಲಿನ ಹುಡುಗಿಗೂ ಈ ಠಾಕರನಿಗೂ ಏನಪ್ಪಾ ಸಂಬಂಧ?”

ಯಾರೋ ಕಿಸಕ್ಕೆಂದರು. ಹರಿ ಮುಂದೆ ಬಂದ. ಅವನಿಗಿಂತ ಮೊದಲು ಅವಳೇ, ಕಾಗದದಿಂದ ತಲೆಯೆತ್ತದೆ, ಅದೇ ಮರಾಠಿಯಲ್ಲಿ ಹೇಳಿದಳು: “ನಾನು ಅವರನ್ನು ಮದುವೆ ಆಗುವವಳು.”

ಹೇಳಿ, ಉಳಿದ ಅಕ್ಷರಗಳನ್ನು ಬರೆದು ಮುಗಿಸಿದಳು. ಗುಮಾಸ್ತ ಗಡಿಯಾರ ನೋಡಿ ಎರಡು ನಲವತ್ತು ಎಂದು ಬರೆದು ಮೊಹರು ಒತ್ತಿದ.

ಹೊರಗೆ ಮೆಟ್ಟಿಲ ಮೇಲೆ ಇಬ್ಬರೂ ನಿಂತರು. ಗೇಟಿಗೆ ಅಡ್ಡವಾಗಿ ಜೀಪು ನಿಂತಿತ್ತು.

“ನಾನು ಗೆಲ್ಲುವುದಿಲ್ಲ, ಗೊತ್ತುಂಟಲ್ಲ?” ಎಂದ ಹರಿ.

“ಗೊತ್ತುಂಟು.”

“ಒಳಗೆ ಹೇಳಿದ್ರಲ್ಲ... ಅವನ ಬಾಯಿ ಮುಚ್ಚಿಸ್ಲಿಕ್ಕಾ?”

ಲೋಲಾಕ್ಷಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಅಷ್ಟು ಜನರ ಎದುರು ಸುಳ್ಳು ಹೇಳುವಷ್ಟು ಧೈರ್ಯ ನನಗೆ ಎಲ್ಲುಂಟು?”

ಗೇಟಿನಲ್ಲಿ ಎಂಜಿನ್ ಶುರುವಾಯಿತು. ಅವನು ಚಾಚಿದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅವಳು ಮೆಟ್ಟಿಲಿಳಿದಳು.